ಎಚ್‌ಐವಿ ಇರೋರು ಆಸ್ಪತ್ರೆ ಸೇರಿದಾಗ ಮಂಚದ ಪಕ್ಕ ಕೂತೋರು ಏನೇನು ನೋಡ್ಕೋಬೇಕು

ನನ್ನ ತಮ್ಮ ಲಾರಿ ಓಡಿಸ್ತಿದ್ದ, ಚಿತ್ರದುರ್ಗ ದಾವಣಗೆರೆ ಹುಬ್ಬಳ್ಳಿ ಅಂತ ಯಾವಾಗ್ಲೂ ಹೈವೇಲೇ ಇರ್ತಿದ್ದ. ಎಚ್‌ಐವಿ ಐತೆ ಅಂತ ಗೊತ್ತಾದ್ಮೇಲೆ ಎರಡು ವರ್ಷ ಮಾತ್ರೆ ತಗೊಂಡ, ಆಮೇಲೆ ಮೈ ಗಟ್ಟಿಯಾಯ್ತು ಅಂತ ಬಿಟ್ಟ, ಬಿಟ್ಟಿದ್ದು ನಮಗ್ಯಾರಿಗೂ ಹೇಳ್ಲಿಲ್ಲ. ಒಂದಿನ ತಲೆನೋವು ಅಂತ ಶುರುವಾಯ್ತು, ಮೂರು ವಾರ ಬಿಡ್ಲೇ ಇಲ್ಲ. ಗ್ಯಾಸ್ಟ್ರಿಕ್ ಅಂದ್ರು, ಕಣ್ಣಿನ ನಂಬರ್ ಅಂದ್ರು, ಕನ್ನಡಕಾನೂ ಮಾಡಿಸಿದ್ವಿ. ವಾಂತಿ ಮಾಡ್ಕೊಂಡು ನಮ್ಮನ್ನೇ ಗುರುತು ಹಿಡೀದಂಗಾದಾಗ ಒಂದು ನರ್ಸಿಂಗ್ ಹೋಂಗೆ ಹೊತ್ಕೊಂಡು ಹೋದ್ವಿ, ಅಲ್ಲಿ ಡಾಕ್ಟ್ರು "ಹಿಂದೆ ಏನಾದ್ರೂ ಕಾಯಿಲೆ ಇತ್ತೇನಮ್ಮ" ಅಂತ ಕೇಳಿದ್ರು. ಪಕ್ಕದಲ್ಲಿ ಅವನ ಹೆಂಡ್ತಿ ತವರಿನೋರು ನಿಂತಿದ್ರು. ಹೆಂಡ್ತಿಗೆ ವಿಷಯ ಗೊತ್ತಿತ್ತು, ಅವಳ ಅಪ್ಪ ಅಮ್ಮಂಗೆ ಗೊತ್ತಿರ್ಲಿಲ್ಲ. ನಾನು "ಏನಿಲ್ಲ ಸಾರ್" ಅಂದ್ಬಿಟ್ಟೆ.

ಆ ಒಂದು ಮಾತಿಗೆ ನಾಲ್ಕು ದಿನ ಹೋತು. ನಾಲ್ಕು ದಿನ ಟೈಫಾಯ್ಡು, ವೈರಲ್ಲು ಅಂತ ಗ್ಲೂಕೋಸ್ ಏರಿಸಿದ್ರು, ಅದು ಅವರ ತಪ್ಪಲ್ಲ, ನಾನು ಹೇಳಿದ್ರೆ ತಾನೇ ಗೊತ್ತಾಗೋದು. ಕೊನೆಗೆ ದೊಡ್ಡಾಸ್ಪತ್ರೆಗೆ ಬಂದು ಟೆಸ್ಟ್ ಮಾಡಿದಾಗ ರೋಗ ತಡೆಯೋ ಸಿಡಿ4 ಕಣ ಬರೀ 38 ಇತ್ತು, ಮೆದುಳಿನ ಪೊರೆಗೆ ಫಂಗಸ್ ಹತ್ತಿತ್ತು. ಅವನು ಉಳಕೊಂಡ, ಈಗ ಚೆನ್ನಾಗವ್ನೆ, ಮತ್ತೆ ಸ್ಟೇರಿಂಗ್ ಹಿಡ್ದಿದಾನೆ. ಆದ್ರೆ ಅದೇ ವಾರ್ಡಲ್ಲಿ ಅವನಿಗಿಂತ ಗಟ್ಟಿ ಇದ್ದೋರು ತಡವಾಗಿ ಬಂದು ತೀರಿಹೋಗಿದ್ದನ್ನ ನೋಡಿದೀನಿ. ಆಮೇಲಿಂದ ನಮ್ಮ ಕಡೆ ಯಾರಾದ್ರೂ ಇಂಥವ್ರು ಅಡ್ಮಿಟ್ ಆದ್ರೆ ಅವರ ಮನೆಯೋರ ಜೊತೆ ಹೋಗಿ ಕೂರ್ತೀನಿ. ನಾನು ಡಾಕ್ಟರಲ್ಲ, ಔಷಧಿ ಡೋಸ್ ಹೇಳೋಕೆ ಬರ್ತಿಲ್ಲ, ಪಕ್ಕದಲ್ಲಿ ಕೂತೋರು ಏನು ನೋಡ್ಬೇಕು, ಏನು ಕೇಳ್ಬೇಕು, ಯಾವಾಗ ಓಡ್ಬೇಕು ಅನ್ನೋದನ್ನ ಹೇಳ್ತೀನಿ.

ಒಂದು ವಿಷಯ ಮೊದ್ಲು ತಲೇಲಿ ಇಟ್ಕೊಳ್ರಿ. ಎಚ್‌ಐವಿ ನೇರವಾಗಿ ಬಂದು ಮನುಷ್ಯನ್ನ ಮಲಗಿಸೋದು ಕಮ್ಮಿ. ಅದು ರಕ್ತದಲ್ಲಿರೋ ಸಿಡಿ4 ಅನ್ನೋ ಕಾವಲಿನ ಕಣಗಳನ್ನ ತಿಂತಾ ಬರ್ತೈತೆ, ಬೇಲಿ ಬಿದ್ದ ಹೊಲಕ್ಕೆ ದನ ನುಗ್ಗಿದಂಗೆ ಆಮೇಲೆ ಬೇರೆ ರೋಗಗಳು ನುಗ್ತವೆ. ಟಿಬಿ, ಫಂಗಸ್ಸು, ನ್ಯುಮೋನಿಯಾ, ಭೇದಿ, ಇವನ್ನೇ ಅವಕಾಶವಾದಿ ಸೋಂಕು ಅನ್ನೋದು, ಆಸ್ಪತ್ರೇಲಿ ಎಲ್ರೂ ಓಐ ಅಂತಾರೆ. ಇವುಗಳಲ್ಲಿ ಮುಕ್ಕಾಲು ಪಾಲಿಗೆ ಔಷಧಿ ಐತೆ. ಔಷಧಿ ಇಲ್ದೆ ಸಾಯೋರಿಗಿಂತ ಹೆಸರು ಗೊತ್ತಾಗೋದು ತಡವಾಗಿ ಸಾಯೋರೇ ಜಾಸ್ತಿ ಅಂತ ನಾನು ಕಣ್ಣಾರೆ ಕಂಡಿದ್ದು.

ಮೊದಲನೇ ಕೆಲಸ: ಡಾಕ್ಟರ್ ಕಿವಿಗೆ ಹಾಕೋದು

ಕ್ಯಾಶುವಾಲ್ಟಿಗೆ ಹೋದ ತಕ್ಷಣ ಡ್ಯೂಟಿ ಡಾಕ್ಟರಿಗೆ ವಿಷಯ ಗೊತ್ತಾಗ್ಬೇಕು. ಜನ ಸುತ್ತ ನಿಂತಿದ್ರೆ ಬಾಯಿಬಿಟ್ಟು ಹೇಳೋದೇ ಬೇಡ, ಎಆರ್‌ಟಿ ಸೆಂಟರಲ್ಲಿ, ಅಂದ್ರೆ ಎಚ್‌ಐವಿ ಮಾತ್ರೆ ಕೊಡೋ ಕಡೆ, ಕೊಟ್ಟಿರ್ತಾರಲ್ಲ ಹಸಿರು ಪುಸ್ತಕ, ಅದನ್ನ ಒಂದು ಪೇಪರಲ್ಲಿ ಸುತ್ತಿ ಡಾಕ್ಟರ್ ಕೈಗೆ ಕೊಡ್ರಿ ಸಾಕು, ತೆಗೆದು ನೋಡಿದ ತಕ್ಷಣ ಅವ್ರಿಗೆ ಅರ್ಥ ಆಗ್ತೈತೆ. ಇಲ್ಲಾಂದ್ರೆ "ಸಾರ್ ಒಂದು ನಿಮಿಷ ಈಚೆ ಬರ್ತೀರಾ" ಅಂತ ಕರೀರಿ. ಪುಸ್ತಕ ಊರಲ್ಲೇ ಉಳಿದಿದ್ರೆ ಮನೇಲಿರೋರಿಗೆ ಹೇಳಿ ಅದರ ಫೋಟೋ ವಾಟ್ಸಾಪಲ್ಲಿ ತರಿಸ್ಕೊಳ್ರಿ, ಯಾವ ಮಾತ್ರೆ, ಯಾವಾಗಿಂದ, ಕೊನೇ ಸಿಡಿ4 ಎಷ್ಟು, ವೈರಲ್ ಲೋಡ್, ಅಂದ್ರೆ ರಕ್ತದಲ್ಲಿ ವೈರಸ್ ಎಷ್ಟೈತೆ ಅನ್ನೋದು, ಎಲ್ಲ ಅದ್ರಲ್ಲಿರ್ತೈತೆ.

ಮಾತ್ರೆ ಬಿಟ್ಟಿದ್ರೆ ಬಿಟ್ಟಿದಾರೆ ಅಂತಾನೇ ಹೇಳ್ರಿ. ಬೈತಾರೆ ಅಂತ ಹೆದರಿ "ಕರೆಕ್ಟಾಗಿ ತಗೊಂತಾರೆ ಸಾರ್" ಅಂದ್ರೆ ಡಾಕ್ಟರ್ ಬೇರೆ ದಾರೀಲಿ ಯೋಚನೆ ಮಾಡ್ತಾರೆ, ಅಲ್ಲೂ ದಿನ ಹೋಗ್ತೈತೆ.

ಇದನ್ನ ಹೇಳಿದ್ರೆ ಊರಿಗೆಲ್ಲ ಗೊತ್ತಾಗ್ತೈತೆ ಅನ್ನೋ ಭಯ ಎಲ್ರಿಗೂ ಇರ್ತೈತೆ, ನನಗೂ ಇತ್ತು. ಅದಕ್ಕೆ ಕಾನೂನು ಐತೆ ಕಣ್ರಿ, 2017ರ ಎಚ್‌ಐವಿ ಏಡ್ಸ್ ಕಾಯ್ದೆ, 2018ರ ಸೆಪ್ಟೆಂಬರ್ 10ರಿಂದ ಜಾರೀಲೈತೆ. ಎಚ್‌ಐವಿ ಐತೆ ಅಂತ ಚಿಕಿತ್ಸೆ ಕೊಡಲ್ಲ ಅನ್ನಂಗಿಲ್ಲ, ಬೇರೆ ಕೂರಿಸಂಗಿಲ್ಲ, ಅವರ ಒಪ್ಪಿಗೆ ಇಲ್ದೆ ಟೆಸ್ಟ್ ಮಾಡಂಗಿಲ್ಲ, ವಿಷಯ ಬೇರೆಯೋರಿಗೆ ಹೇಳಂಗಿಲ್ಲ. ಒಂದು ಕಡೆ ಮಂಚದ ತಲೆ ಹತ್ರ ಕೆಂಪು ಪೆನ್ನಲ್ಲಿ ಬರೆದು ಅಂಟಿಸಿದ್ರು, ನೋಡೋಕೆ ಬಂದೋರೆಲ್ಲ ಅದನ್ನೇ ಓದ್ತಿದ್ರು, ಆ ಚೀಟಿ ನಾನೇ ಕಿತ್ತು ಸಿಸ್ಟರ್ ಕೈಗೆ ಕೊಟ್ಟು "ಕೇಸ್ ಶೀಟಲ್ಲಿ ಇರ್ಲಿ ಸಿಸ್ಟರ್, ಗೋಡೆ ಮೇಲೆ ಬೇಡ" ಅಂದೆ. ಜಗಳ ಮಾಡ್ಲಿಲ್ಲ, ಅವ್ರೂ ಸುಮ್ನೆ ಇಸ್ಕೊಂಡ್ರು. ಕೇಳದಿದ್ರೆ 1097ಕ್ಕೆ ಫೋನ್ ಮಾಡ್ರಿ, ದುಡ್ಡು ಬೀಳಲ್ಲ, ಯಾರಿಗೆ ದೂರು ಕೊಡ್ಬೇಕು ಅಂತ ಹೇಳ್ತಾರೆ.

ಎರಡನೇದು: ಸಿಡಿ4 ನಂಬರ್ ಕೇಳಿ ಬರ್ಕೊಳ್ರಿ

ಚಿಕ್ಕದೊಂದು ನೋಟ್‌ಬುಕ್ಕು ಇಟ್ಕೊಳ್ರಿ, ಅದಕ್ಕೊಂದು ಪೆನ್ನು ದಾರದಲ್ಲಿ ಕಟ್ರಿ, ಇಲ್ಲಾಂದ್ರೆ ವಾರ್ಡಲ್ಲಿ ಪೆನ್ನು ಉಳಿಯಲ್ಲ. ಮೊದಲನೇ ಪೇಜಲ್ಲಿ ದೊಡ್ಡದಾಗಿ ಸಿಡಿ4 ಬರೀರಿ. ಆರೋಗ್ಯವಾಗಿರೋರಿಗೆ 500ರ ಮೇಲೆ ಇರ್ತೈತೆ. 350ಕ್ಕಿಂತ ಇಳಿದ್ರೆ ಕೋಟ್ರೈಮಾಕ್ಸಜೋಲ್ ಅನ್ನೋ ಮಾತ್ರೆ ದಿನಾ ಕೊಡ್ತಾರೆ, ಸೆಪ್ಟ್ರಾನ್ ಅಂತ ಹಳೇ ಜನ ಹೇಳ್ತಾರಲ್ಲ ಅದೇ. 200ಕ್ಕಿಂತ ಕೆಳಗೆ ಬಂದ್ರೆ ಡೇಂಜರ್ ಲೈನ್, ಅಲ್ಲಿಂದ ಪಿಸಿಪಿ ಅನ್ನೋ ನ್ಯುಮೋನಿಯಾ ಬರೋ ಚಾನ್ಸ್ ಜಾಸ್ತಿ. 100ಕ್ಕಿಂತ ಕಮ್ಮಿ ಆದ್ರೆ ತಲೆಗೆ ಹತ್ತೋ ಕ್ರಿಪ್ಟೊಕಾಕಸ್ ಫಂಗಸ್ಸು, ಟಾಕ್ಸೊಪ್ಲಾಸ್ಮಾ ಅನ್ನೋ ಪರಾವಲಂಬಿ. 50ಕ್ಕಿಂತ ಕೆಳಗೆ ಹೋದ್ರೆ ಕಣ್ಣಿನ ಒಳಪರದೆ ಹಾಳುಮಾಡೋ ಸಿಎಂವಿ ಅನ್ನೋ ವೈರಸ್ಸು. ಟಿಬಿ ಮಾತ್ರ ಯಾವ ನಂಬರಿಗೂ ಕಾಯಲ್ಲ, 500 ಇದ್ರೂ ಬರ್ತೈತೆ, ಅದಕ್ಕೇ ಅದು ಎಲ್ಲದಕ್ಕಿಂತ ಮುಂದೆ.

200ಕ್ಕಿಂತ ಕಮ್ಮಿ ಅಂತ ಗೊತ್ತಾದ ದಿನಾನೇ ಮೂರು ಪ್ರಶ್ನೆ ಮರ್ಯಾದೆಯಿಂದ ಕೇಳ್ರಿ. ಟಿಬಿಗೆ ಕಫದ ಟೆಸ್ಟ್, ಅಂದ್ರೆ ಸಿಬಿನ್ಯಾಟ್ ಇಲ್ಲಾ ಟ್ರೂನ್ಯಾಟ್ ಕಳಿಸಿದ್ರಾ ಸಾರ್? ಕಫ ಬರದಿದ್ರೆ ಮೂತ್ರದಲ್ಲಿ ಮಾಡೋ ಟಿಬಿ ಲ್ಯಾಮ್ ಟೆಸ್ಟ್ ಸಿಗ್ತೈತಾ? ರಕ್ತದಲ್ಲಿ ಕ್ರಿಪ್ಟೊಕಾಕಸ್ ಆಂಟಿಜೆನ್, ಕ್ರ್ಯಾಗ್ ಅಂತಾರೆ, ಅದು ಮಾಡಿದ್ರಾ? ಕ್ರ್ಯಾಗ್ ಟೆಸ್ಟ್ ತಲೆನೋವು ಶುರುವಾಗೋಕೆ ಎಷ್ಟೋ ದಿನ ಮುಂಚೆನೇ ಹಿಡೀತೈತೆ, ನನ್ನ ತಮ್ಮನಿಗೆ ಆವತ್ತು ಯಾರಾದ್ರೂ ಅದನ್ನ ಮಾಡಿಸಿದ್ರೆ ಕನ್ನಡಕ ಮಾಡಿಸ್ತಿರ್ಲಿಲ್ಲ ನಾವು. ನೀವು ಕೇಳಿದ್ರೆ ಡಾಕ್ಟರಿಗೇನು ಸಿಟ್ಟು ಬರಲ್ಲ, ನೂರು ಪೇಶೆಂಟ್ ಮಧ್ಯೆ ನೆನಪು ಮಾಡ್ದಂಗೆ ಆಗ್ತೈತೆ.

ಮೂರನೇದು: ಓಡಬೇಕಾದ ಗುರ್ತುಗಳು

ಇದು ರಾತ್ರಿ ಪಾಳಿಗೆ ಕೂರೋರಿಗೆ. ಮಲಗಿದ್ದಾಗ ಎದೆ ಏರಿಳಿಯೋದನ್ನ ಮೊಬೈಲಲ್ಲಿ ಒಂದು ನಿಮಿಷ ಟೈಮ್ ಇಟ್ಟು ಎಣಿಸ್ರಿ, 30 ದಾಟಿದ್ರೆ ಸಿಸ್ಟರನ್ನ ಕರೀರಿ. ನಾಡಿ 120 ದಾಟಿದ್ರೆ, ಜ್ವರ 102 ದಾಟಿದ್ರೆ, ನಿನ್ನೆ ಬಾತ್‌ರೂಮಿಗೆ ತಾನೇ ಹೋಗ್ತಿದ್ದೋರು ಇವತ್ತು ಹಿಡ್ಕೊಳ್ದೆ ನಡಿಯೋಕಾಗ್ದಿದ್ರೆ, ಇವಿಷ್ಟರಲ್ಲಿ ಒಂದಿದ್ರೂ ಬೆಳಗಿನ ರೌಂಡ್ಸಿಗೆ ಕಾಯಬೇಡ್ರಿ. ಫಿಟ್ಸ್ ಬಂದ್ರೆ, ಮಾತು ತೊದಲಿದ್ರೆ, ಗುರುತು ತಪ್ಪಿದ್ರೆ ಹೇಳೋದೇ ಬೇಡ.

ಇನ್ನು ಒಂದೊಂದಾಗಿ ನೋಡೋಣ.

ಕೆಮ್ಮು ಮತ್ತೆ ಉಸಿರು. ಕೆಮ್ಮು, ಜ್ವರ, ರಾತ್ರಿ ಬನಿಯನ್ ಒದ್ದೆಯಾಗೋ ಬೆವರು, ತೂಕ ಇಳಿಯೋದು, ಈ ನಾಲ್ಕರಲ್ಲಿ ಒಂದಿದ್ರೂ ಟಿಬಿ ಟೆಸ್ಟ್ ಆಗ್ಲೇಬೇಕು. ಎಚ್‌ಐವಿ ಇರೋರಲ್ಲಿ ಟಿಬಿ ಎದೇಲೇ ಇರ್ಬೇಕು ಅಂತಿಲ್ಲ, ಕುತ್ತಿಗೇಲಿ ಗಂಟು, ಹೊಟ್ಟೇಲಿ ನೀರು, ಬೆನ್ನುಮೂಳೆ, ಮೆದುಳು ಎಲ್ಲಿ ಬೇಕಾದ್ರೂ ಬರ್ತೈತೆ, ಎಕ್ಸ್‌ರೇ ಚೆನ್ನಾಗೇ ಕಾಣ್ಬಹುದು, ಅದಕ್ಕೇ "ಎಕ್ಸ್‌ರೇ ನಾರ್ಮಲ್ಲು" ಅಂದ ತಕ್ಷಣ ಸುಮ್ನಾಗಬೇಡ್ರಿ. ಟಿಬಿ ಅಂತ ಗೊತ್ತಾದ್ರೆ ಸಾಮಾನ್ಯವಾಗಿ ಆರು ತಿಂಗಳ ಕೋರ್ಸು, ಮೆದುಳು ಮೂಳೆ ಟಿಬಿಗೆ ಇನ್ನೂ ಜಾಸ್ತಿ, ಮಾತ್ರೆ ಶುರುವಾದ್ಮೇಲೆ ಮೂತ್ರ ಕೆಂಪಗೆ ಕಿತ್ತಳೆ ಬಣ್ಣಕ್ಕೆ ಹೋಗ್ತೈತೆ, ರಕ್ತ ಅಂತ ಗಾಬರಿ ಬೀಳಬೇಡ್ರಿ. ನಿಕ್ಷಯ್ ಪೋಷಣ್ ಯೋಜನೇಲಿ ಊಟಕ್ಕೆ ಅಂತ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರ್ತೈತೆ, ಮೊದ್ಲು 500 ಇತ್ತು, 2024ರ ನವೆಂಬರಿಂದ ಜಾಸ್ತಿ ಮಾಡಿದ್ರು, ಆಧಾರ್ ಮತ್ತೆ ಪಾಸ್‌ಬುಕ್ ಜೆರಾಕ್ಸ್ ಮೊದಲನೇ ದಿನಾನೇ ಕೊಟ್ಬಿಡ್ರಿ.

ಪಿಸಿಪಿ ಬೇರೆ ಥರ. ಕಫ ಇಲ್ದಿರೋ ಒಣ ಕೆಮ್ಮು, ಕೂತಿದ್ದಾಗ ಆರಾಮಾಗೇ ಕಾಣ್ತಾರೆ, ನಾಲ್ಕು ಹೆಜ್ಜೆ ನಡೆದ್ರೆ ಏದುಸಿರು. ಬೆರಳಿಗೆ ಹಾಕೋ ಆಕ್ಸಿಮೀಟರ್ ಕೂತಿದ್ದಾಗ 95 ತೋರಿಸಿ ವರಾಂಡದಲ್ಲಿ ಒಂದು ಸುತ್ತು ನಡೆದು ಬಂದ್ರೆ 88ಕ್ಕೆ ಇಳಿಯೋದನ್ನ ನೋಡಿದೀನಿ. ಇದಕ್ಕೆ ಅದೇ ಕೋಟ್ರೈಮಾಕ್ಸಜೋಲನ್ನೇ ದೊಡ್ಡ ಡೋಸಲ್ಲಿ 21 ದಿನ ಕೊಡ್ತಾರೆ, ಆಕ್ಸಿಜನ್ ತುಂಬ ಕಮ್ಮಿ ಇದ್ರೆ ಜೊತೆಗೆ ಸ್ಟೆರಾಯ್ಡ್. ದಿನಕ್ಕೊಂದು ಮಾತ್ರೆ ತಗೊಂಡಿದ್ರೆ ಬಹಳಷ್ಟು ಜನಕ್ಕೆ ಬರ್ತಾನೇ ಇರ್ಲಿಲ್ಲ ಅನ್ನೋದು ಹೊಟ್ಟೆ ಉರಿಸ್ತೈತೆ.

ತಲೆ. ಇದರ ಬಗ್ಗೆ ಜಾಸ್ತಿ ಬರೀತೀನಿ, ಯಾಕಂದ್ರೆ ಇಲ್ಲೇ ಜಾಸ್ತಿ ಜನ ಮೋಸ ಹೋಗೋದು. ಕ್ರಿಪ್ಟೊಕಾಕಸ್ ಅನ್ನೋದು ಮಣ್ಣಲ್ಲಿ, ಪಾರಿವಾಳದ ಹಿಕ್ಕೇಲಿ ಇರೋ ಫಂಗಸ್ಸು, ಉಸಿರಲ್ಲಿ ಎಲ್ರ ಒಳಗೂ ಹೋಗ್ತೈತೆ, ನಮಗೇನೂ ಆಗಲ್ಲ, ಸಿಡಿ4 ನೆಲಕ್ಕೆ ಬಿದ್ದಿರೋರಿಗೆ ಮೆದುಳಿಗೆ ಹತ್ತೈತೆ. ದಿನದಿನಕ್ಕೂ ಜಾಸ್ತಿಯಾಗೋ ತಲೆನೋವು, ಮಾತ್ರೆ ನುಂಗಿದ್ರೂ ಹೋಗಲ್ಲ, ಬೆಳಗಾಗೆದ್ದ ತಕ್ಷಣ ವಾಂತಿ, ಒಂದು ಎರಡಾಗಿ ಕಾಣೋದು, ಬೆಳಕು ಕಂಡ್ರೆ ಕಣ್ಣು ಮುಚ್ಕೊಳ್ಳೋದು. ಜ್ವರ ಸುಮಾರಾಗಿ ಇರ್ತೈತೆ, ಕುತ್ತಿಗೆ ಬಿಗೀದೆನೂ ಇರ್ಬಹುದು, ಅದಕ್ಕೇ ಮೈಗ್ರೇನು ಗ್ಯಾಸ್ಟ್ರಿಕ್ಕು ಅಂತ ತಳ್ಳಿಹಾಕೋದು.

ಇದಕ್ಕೆ ಬೆನ್ನಿಂದ ನೀರು ತೆಗೀಬೇಕು. ಇಲ್ಲೇ ಮನೆಯೋರು ಸೈನ್ ಹಾಕಲ್ಲ ಅಂತ ಕೂರೋದು, "ಬೆನ್ನಿಗೆ ಸೂಜಿ ಚುಚ್ಚಿದ್ರೆ ಸೊಂಟ ಬಿದ್ದೋಗ್ತೈತೆ, ಲಕ್ವ ಹೊಡೀತೈತೆ" ಅಂತ. ನಾನೂ ಎರಡು ಗಂಟೆ ಹಂಗೇ ಕೂತಿದ್ದೆ. ಆಗ ಒಬ್ರು ಪಿಜಿ ಡಾಕ್ಟರ್ ಹುಡುಗಿ ನನ್ನನ್ನ ಬೆಂಚ್ ಮೇಲೆ ಕೂರಿಸ್ಕೊಂಡು ನನ್ನ ಬೆನ್ನು ಮುಟ್ಟಿ ತೋರಿಸಿದ್ಲು, "ಅಕ್ಕ, ಬೆನ್ನುಹುರಿ ಇಲ್ಲಿಗೆ ಮುಗೀತೈತೆ, ನಾವು ಸೂಜಿ ಹಾಕೋದು ಅದಕ್ಕಿಂತ ಕೆಳಗೆ, ಇಲ್ಲಿ ಬರೀ ನೀರು, ದಾರದಂಥ ನರ ತೇಲ್ತಿರ್ತವೆ, ಸೂಜಿ ಬಂದ್ರೆ ಪಕ್ಕಕ್ಕೆ ಸರೀತವೆ" ಅಂತ. ಸೈನ್ ಹಾಕ್ದೆ. ಈ ರೋಗದಲ್ಲಿ ನೀರು ತೆಗೆಯೋದು ಬರೀ ಟೆಸ್ಟಿಗಲ್ಲ, ತಲೆಬುರುಡೆ ಒಳಗೆ ಪ್ರೆಶರ್ ಏರಿರ್ತೈತೆ, ನೀರು ತೆಗೆದ್ರೆ ಪ್ರೆಶರ್ ಇಳೀತೈತೆ, ಅದೇ ಟ್ರೀಟ್‌ಮೆಂಟು. ಎರಡು ಮೂರು ಸಲ, ಕೆಲವರಿಗೆ ದಿನಾ ತೆಗೀಬೇಕಾಗ್ತೈತೆ. ನನ್ನ ತಮ್ಮನಿಗೆ ಎರಡನೇ ಸಲ ತೆಗೆದ ಸಂಜೆ ಹಣೆ ಗಂಟು ಬಿಚ್ಚಿ ಕಣ್ಣು ಬಿಟ್ಟು "ಅಕ್ಕ, ಮಂಡಕ್ಕಿ ಮಿರ್ಚಿ ಸಿಗ್ತೈತಾ" ಅಂತ ಕೇಳಿದ. ಮೂರು ವಾರದಿಂದ ಅನ್ನ ಸೇರದಿದ್ದೋನು. ನಾನು ಕಾರಿಡಾರಿಗೆ ಬಂದು ಅತ್ತೆ.

ಔಷಧಿ ಆಂಫೊಟೆರಿಸಿನ್ ಅಂತ, ಡ್ರಿಪ್ಪಲ್ಲಿ ಹಾಕ್ತಾರೆ. ಮುಂಚೆ ಎರಡು ವಾರ ದಿನಾ ಹಾಕ್ತಿದ್ರು, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೋರು ಲೈಪೋಸೋಮಲ್ ಆಂಫೊಟೆರಿಸಿನ್ ಒಂದೇ ದೊಡ್ಡ ಡೋಸು, ಜೊತೆಗೆ ಫ್ಲೂಸೈಟೊಸಿನ್ ಮತ್ತೆ ಫ್ಲುಕೊನಜೋಲ್ ಮಾತ್ರೆ 14 ದಿನ ಅಂತ ಹೇಳಿದಾರೆ, ನಿಮ್ಮ ಆಸ್ಪತ್ರೇಲಿ ಯಾವುದು ಸಿಗ್ತೈತೆ ಕೇಳ್ರಿ. ಹಾಕುವಾಗ ಚಳಿ ನಡುಕ ಬರ್ಬಹುದು, ಕಿಡ್ನಿಗೆ ಹೊಡೀತೈತೆ, ಪೊಟ್ಯಾಸಿಯಂ ಇಳೀತೈತೆ, ಅದಕ್ಕೇ ರಕ್ತ ಪದೇ ಪದೇ ತೆಗೀತಾರೆ, "ಇರೋ ರಕ್ತಾನೂ ಹೀರ್ತಾರೆ" ಅಂತ ಬೇಜಾರಾಗಬೇಡ್ರಿ. ಮನೆಗೆ ಹೋದ್ಮೇಲೂ ಫ್ಲುಕೊನಜೋಲ್ ತಿಂಗಳುಗಟ್ಲೆ ಇರ್ತೈತೆ, ತಲೆನೋವು ಹೋಯ್ತು ಅಂತ ಬಿಟ್ರೆ ಮತ್ತೆ ಬರ್ತೈತೆ.

ಒಂದು ಪಕ್ಕದ ಕೈಕಾಲು ಸೋಲೋದು, ಬಾಯಿ ಸೊಟ್ಟಗಾಗೋದು, ಫಿಟ್ಸು, ಇವು ಟಾಕ್ಸೊಪ್ಲಾಸ್ಮಾದಿಂದನೂ ಬರ್ತವೆ. ಸ್ಕ್ಯಾನಲ್ಲಿ ಮೆದುಳೊಳಗೆ ಉಂಗುರದಂಗೆ ಕಾಣ್ತೈತಂತೆ. ಲಕ್ವ ಅಂದ್ಕೊಂಡು ನಾಟಿ ಔಷಧಿ, ಎಣ್ಣೆ ತಿಕ್ಕೋರ ಹತ್ರ ಕರ್ಕೊಂಡು ಹೋಗ್ಬಿಡ್ತಾರೆ ನಮ್ಮ ಹಳ್ಳಿ ಕಡೆ. ವಯಸ್ಸಿನ ಹುಡುಗರಿಗೆ ಲಕ್ವ ಹೊಡೆದಂಗಾದ್ರೆ ಮೊದ್ಲು ಆಸ್ಪತ್ರೆ. ಔಷಧಿ ಶುರುವಾಗಿ ಎರಡು ವಾರದೊಳಗೆ ಕೈ ಎತ್ತಿದೋರನ್ನ ನೋಡಿದೀನಿ.

ಬಾಯಿ, ಗಂಟಲು. ನಾಲಿಗೆ ಮೇಲೆ ಮೊಸರು ಬಳಿದಂಗೆ ಬಿಳಿ ಪದರ, ಕೆರೆದ್ರೆ ಕೆಂಪಗೆ ಕಾಣ್ತೈತೆ. ಇದು ಕ್ಯಾಂಡಿಡಾ ಅನ್ನೋ ಫಂಗಸ್ಸು. ನುಂಗುವಾಗ ಎದೆ ನಡುವೆ ಉರಿ ನೋವಿದ್ರೆ ಅನ್ನನಾಳಕ್ಕೂ ಇಳಿದೈತೆ ಅಂತ ಅರ್ಥ. ಪೇಶೆಂಟ್ "ಊಟ ಬೇಡ" ಅಂದಾಗ ಹಸಿವಿಲ್ಲ ಅಂತ ಬಿಡಬೇಡ್ರಿ, ಟಾರ್ಚ್ ಹಾಕಿ ಬಾಯಿ ನೋಡ್ರಿ.

ಚರ್ಮದಲ್ಲಿ ಜಾಸ್ತಿ ಕಾಣೋದು ಸರ್ಪಸುತ್ತು. ನಮ್ಮಲ್ಲಿ ಕೆಮ್ಮಣ್ಣು ಹಚ್ಚಿಸ್ತಾರೆ, ಸುತ್ತು ಸೇರಿದ್ರೆ ಜೀವ ಹೋಗ್ತೈತೆ ಅಂತ ಹೆದರಿಸ್ತಾರೆ. ಅದು ಚಿಕನ್‌ಪಾಕ್ಸ್ ವೈರಸ್ಸೇ, ಹಳೇದು ನರದಲ್ಲಿ ಮಲಗಿದ್ದು ಎದ್ದಿರೋದು. ಗುಳ್ಳೆ ಎದ್ದ ಮೂರು ದಿನದೊಳಗೆ ಅಸಿಕ್ಲೋವಿರ್ ಶುರುವಾದ್ರೆ ನೋವು, ಗಾಯ ಎರಡೂ ಬೇಗ ಇಳೀತವೆ. ಮುಖದ ಮೇಲೆ, ಕಣ್ಣಿನ ಸುತ್ತ ಬಂದ್ರೆ ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸ್ರಿ.

ಕಣ್ಣು ಮುಂದೆ ಸೊಳ್ಳೆ ಹಾರ್ದಂಗೆ, ಒಂದು ಕಡೆ ಪರದೆ ಬಿದ್ದಂಗೆ ಅಂತ ಹೇಳಿದ್ರೆ ಅದೇ ಸಿಎಂವಿ ಇರ್ಬಹುದು, ನೋವೇ ಇರಲ್ಲ, ಅದಕ್ಕೇ ಹೇಳೋದೂ ಇಲ್ಲ, ನೀವೇ ಕೇಳ್ಬೇಕು.

ಭೇದಿ ಎರಡು ವಾರ ದಾಟಿದ್ರೆ ಸುಮ್ನೆ ಭೇದಿ ನಿಲ್ಲಿಸೋ ಮಾತ್ರೆ ತಂದು ಕೊಡಬೇಡ್ರಿ, ಮಲದ ಟೆಸ್ಟ್ ಮಾಡಿಸ್ರಿ, ಕಣ್ಣಿಗೆ ಕಾಣದ ಕೆಲವು ಹುಳಕ್ಕೆ ಸ್ಪೆಷಲ್ ಸ್ಟೇನ್ ಹಾಕಿ ನೋಡ್ಬೇಕಾಗ್ತೈತೆ. ಅಲ್ಲೀವರೆಗೂ ಓಆರ್‌ಎಸ್ಸು, ಗಂಜಿ, ಮಜ್ಜಿಗೆ.

ನಾಲ್ಕನೇದು: ಮಾತ್ರೆ ಲೆಕ್ಕ

ಆಸ್ಪತ್ರೆ ಸೇರಿದ ಗಡಿಬಿಡೀಲಿ ಎಆರ್‌ಟಿ ಮಾತ್ರೆ ಮನೇಲೇ ಉಳಿಯೋದು ಎಲ್ಲ ಕಡೆ ಆಗೋದೇ. ವಾರ್ಡ್ ಸಿಸ್ಟರ್ ಬೇರೆ ಔಷಧಿ ಎಲ್ಲ ಕೊಡ್ತಾರೆ, ಇದನ್ನ ನೀವೇ ತರ್ಬೇಕು. ಈಗ ಬಹಳ ಜನಕ್ಕೆ ಟಿಎಲ್‌ಡಿ, ಟೆನೊಫೊವಿರ್ ಲ್ಯಾಮಿವುಡಿನ್ ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ ದಿನಕ್ಕೊಂದ್ಸಲ. ಡಾಕ್ಟರ್ ನಿಲ್ಲಿಸು ಅನ್ನದಿದ್ರೆ ನಡೀತಾನೇ ಇರ್ಬೇಕು.

ಈ ಮಾತ್ರೆಗೆ ಆಗದವು ಕೆಲವಿದಾವೆ. ಗ್ಯಾಸ್ಟ್ರಿಕ್‌ಗೆ ಕುಡಿಯೋ ಬಿಳಿ ಸಿರಪ್ಪು, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಜೊತೆಗೇ ನುಂಗಿದ್ರೆ ಡೊಲುಟೆಗ್ರಾವಿರ್ ಮೈಗೆ ಹತ್ತಲ್ಲ, ಡೊಲುಟೆಗ್ರಾವಿರ್ ಮಾತ್ರೇನ ಅವುಗಳಿಗಿಂತ ಎರಡು ಗಂಟೆ ಮುಂಚೆ ಇಲ್ಲಾ ಅವು ತಗೊಂಡು ಆರು ಗಂಟೆ ಆದ್ಮೇಲೆ ಕೊಡ್ಬೇಕು. ಶುಗರಿಗೆ ಮೆಟ್‌ಫಾರ್ಮಿನ್ ತಗೊಂಡಿದ್ರೆ ಡಾಕ್ಟರಿಗೆ ಹೇಳ್ರಿ, ಡೋಸ್ ನೋಡ್ಬೇಕಾಗ್ತೈತೆ. ಟಿಬಿ ಮಾತ್ರೇಲಿರೋ ರಿಫಾಂಪಿಸಿನ್ ಡೊಲುಟೆಗ್ರಾವಿರ್ ಶಕ್ತೀನ ಇಳಿಸ್ತೈತೆ, ಅದಕ್ಕೆ ಟಿಬಿ ಕೋರ್ಸ್ ನಡೆಯೋವಾಗ ಹನ್ನೆರಡು ಗಂಟೆ ಬಿಟ್ಟು ಡೊಲುಟೆಗ್ರಾವಿರ್ ಇನ್ನೊಂದು ಮಾತ್ರೆ ಎಕ್ಸ್‌ಟ್ರಾ ಕೊಡ್ತಾರೆ, ಟಿಬಿ ಮಾತ್ರೆ ಮುಗಿದ್ಮೇಲೂ ಎರಡು ವಾರ. ಟಿಬಿ ಸೆಂಟರ್ ಒಂದು ಕಡೆ, ಎಆರ್‌ಟಿ ಒಂದು ಕಡೆ, ಇವರಿಗೆ ಗೊತ್ತಾಗಿದ್ದು ಅವರಿಗೆ ಗೊತ್ತಾಗಿರಲ್ಲ, ಎರಡೂ ಕಡೆ ಎರಡೂ ಚೀಟಿ ತೋರಿಸೋದು ನಿಮ್ಮ ಕೆಲಸ.

ಇನ್ನೊಂದು, ಎಆರ್‌ಟಿ ಶುರುವೇ ಆಗದಿರೋರು ಅಡ್ಮಿಟ್ ಆದ್ರೆ ಮನೆಯೋರು "ಮೊದ್ಲು ಎಚ್‌ಐವಿ ಮಾತ್ರೆ ಕೊಡ್ರಿ" ಅಂತ ಒತ್ತಾಯ ಮಾಡ್ತಾರೆ. ತಡ ಮಾಡೋಕೆ ಕಾರಣ ಇರ್ತೈತೆ. ಸಾಮಾನ್ಯ ಟಿಬಿ ಇದ್ರೆ ಟಿಬಿ ಮಾತ್ರೆ ಮೊದ್ಲು, ಎರಡು ವಾರದೊಳಗೆ ಎಆರ್‌ಟಿ. ತಲೆಗೆ ಹತ್ತಿದ ಕ್ರಿಪ್ಟೊಕಾಕಸ್ಸಿಗೆ ನಾಲ್ಕರಿಂದ ಆರು ವಾರ ಕಾಯ್ತಾರೆ, ಮೆದುಳಿನ ಟಿಬಿಗೂ ಹಂಗೇ ತಡ ಮಾಡ್ತಾರೆ. ಯಾಕಂದ್ರೆ ಮಲಗಿದ್ದ ರೋಗನಿರೋಧಕ ಶಕ್ತಿ ಒಮ್ಮೆಗೇ ಎದ್ರೆ ಒಳಗಿರೋ ಸೋಂಕಿನ ಮೇಲೆ ಮುಗಿಬೀಳ್ತೈತೆ, ಊತ ಜ್ವರ ಜಾಸ್ತಿಯಾಗಿ ಪೇಶೆಂಟ್ ಕೆಡ್ತಾರೆ, ಅದನ್ನ ಐರಿಸ್ ಅಂತಾರೆ. ಎಆರ್‌ಟಿ ಶುರುಮಾಡಿದ ಮೊದಲ ಕೆಲವು ವಾರದಲ್ಲಿ ಜ್ವರ ಬಂದ್ರೆ, ಗಂಟು ದೊಡ್ಡದಾದ್ರೆ "ಮಾತ್ರೆ ಆಗಿಬರ್ಲಿಲ್ಲ" ಅಂತ ಬಿಡಬೇಡ್ರಿ, ವಾಪಸ್ ತೋರಿಸ್ರಿ. ಕೋಟ್ರೈಮಾಕ್ಸಜೋಲಿಂದ ಮೈಮೇಲೆ ಕೆಂಪು ಗಂದೆ ಎದ್ದು ಬಾಯಿ ತುಟಿ ಸುಲಿದ್ರೆ ಮಾತ್ರ ಮುಂದಿನ ಮಾತ್ರೆ ಕೊಡೋಕೆ ಮುಂಚೆ ತಕ್ಷಣ ಹೇಳ್ರಿ, ಅದು ಸಲ್ಫಾ ಅಲರ್ಜಿ, ಎಮರ್ಜೆನ್ಸಿ.

ಐದನೇದು: ಆಸ್ಪತ್ರೆಯೇ ಕೊಡೋ ಸೋಂಕು

ಶಕ್ತಿ ಇಲ್ದೋರಿಗೆ ವಾರ್ಡೂ ಅಪಾಯಾನೇ. ಪಕ್ಕದ ಮಂಚದೋರು ಕೆಮ್ತಿದ್ರೆ ಕಿಟಕಿ ತೆಗೆಸ್ರಿ, ಕಿಟಕಿ ಪಕ್ಕದ ಮಂಚ ಕೇಳ್ರಿ, ನಿಮ್ಮೋರಿಗೇ ಕೆಮ್ಮಿದ್ರೆ ಮಾಸ್ಕ್ ಹಾಕಿಸ್ರಿ. ಕೈಗೆ ಚುಚ್ಚಿರೋ ಕ್ಯಾನುಲಾ ಸುತ್ತ ಕೆಂಪಗಾದ್ರೆ, ನೋವಾದ್ರೆ ಬದಲಾಯಿಸೋಕೆ ಹೇಳ್ರಿ. ಮೂತ್ರದ ಪೈಪು ಹಾಕಿದ್ರೆ ದಿನಾ ಒಂದ್ಸಲ "ಇನ್ನೂ ಬೇಕಾ ಸಿಸ್ಟರ್" ಅಂತ ಕೇಳ್ರಿ, ಬೇಡ ಅಂದ್ರೆ ಎಷ್ಟು ಬೇಗ ತೆಗೆದ್ರೆ ಅಷ್ಟು ಒಳ್ಳೇದು, ಆ ಚೀಲ ನೆಲಕ್ಕೆ ತಾಗಬಾರ್ದು, ಮಂಚಕ್ಕಿಂತ ಮೇಲೂ ಎತ್ತಬಾರ್ದು. ಎರಡು ಗಂಟೆಗೊಮ್ಮೆ ಮಗ್ಗಲು ಹೊರಳಿಸ್ರಿ. ಮುಟ್ಟೋಕೆ ಮುಂಚೆ ಕೈ ತೊಳೀರಿ, ಕೈ ತೊಳೆಯೋದು ನಿಮ್ಮನ್ನ ಕಾಪಾಡೋಕಲ್ಲ, ಅವರನ್ನ.

ನಿಮಗೆ ಎಚ್‌ಐವಿ ಬರ್ತೈತೇನೋ ಅಂತ ಒಳಗೊಳಗೇ ಹೆದರ್ಕೊಂಡು ಕೂತಿರ್ತೀರಿ, ಗೊತ್ತು. ಊಟ ಮಾಡಿಸೋದ್ರಿಂದ, ಮೈ ಒರೆಸೋದ್ರಿಂದ, ವಾಂತಿ ತೆಗೆಯೋದ್ರಿಂದ, ಒಂದೇ ಲೋಟದಲ್ಲಿ ಕುಡಿಯೋದ್ರಿಂದ ಬರಲ್ಲ. ರಕ್ತ ಮುಟ್ಟುವಾಗ ಗ್ಲೌಸ್ ಹಾಕ್ರಿ, ಅಕಸ್ಮಾತ್ ಸೂಜಿ ಚುಚ್ಚಿದ್ರೆ ಆದಷ್ಟು ಬೇಗ, 72 ಗಂಟೆ ಒಳಗೆ ಎಚ್‌ಐವಿ ಅಂಟದಂಗೆ ತಡೆಯೋ ಪೆಪ್ ಮಾತ್ರೆ ಶುರುಮಾಡಿ 28 ದಿನ ತಗೋಬೇಕು. ನಿಮಗೆ ನಿಜವಾಗ್ಲೂ ಅಂಟಬಹುದಾದ್ದು ಟಿಬಿ, ಅದಕ್ಕೆ ನೀವೂ ಮನೇಲಿರೋ ಮಕ್ಕಳೂ ಟೆಸ್ಟ್ ಮಾಡಿಸ್ಕೊಳ್ರಿ.

ಆರನೇದು: ಮನೆಗೆ ಹೋಗೋ ದಿನ

ಡಿಸ್ಚಾರ್ಜ್ ಶೀಟ್ ಕೊಟ್ಟ ತಕ್ಷಣ ಆಟೋ ಹಿಡೀಬೇಡ್ರಿ. ಕೋಟ್ರೈಮಾಕ್ಸಜೋಲ್ ಬರೆದಿದಾರಾ, ಫ್ಲುಕೊನಜೋಲ್ ಎಷ್ಟು ತಿಂಗಳು, ಟಿಬಿ ಇಲ್ಲ ಅಂತ ಖಾತ್ರಿಯಾಗಿದ್ರೆ ಟಿಬಿ ಬರದಂಗೆ ಕೊಡೋ ಐಸೊನಿಯಜಿಡ್ ಆರು ತಿಂಗಳ ಕೋರ್ಸು ಯಾವಾಗ ಶುರು, ಇದನ್ನೆಲ್ಲ ಕೇಳಿ ಅದೇ ನೋಟ್‌ಬುಕ್ಕಲ್ಲಿ ಬರ್ಕೊಳ್ರಿ. ದಾವಣಗೆರೇಲಿ ಚಿಗಟೇರಿ ಆಸ್ಪತ್ರೆ, ನಾವೆಲ್ಲ ಸಿಜಿ ಆಸ್ಪತ್ರೆ ಅಂತೀವಲ್ಲ, ಆ ಕಡೆ ಚಿತ್ರದುರ್ಗದ ಜಿಲ್ಲಾಸ್ಪತ್ರೆ, ಎರಡು ಕಡೇನೂ ಎಆರ್‌ಟಿ ಸೆಂಟರ್ ಐತೆ, ಡಿಸ್ಚಾರ್ಜ್ ಶೀಟಿನ ಜೆರಾಕ್ಸ್ ಅಲ್ಲಿ ಕೊಟ್ಟೇ ಊರಿಗೆ ಹೋಗ್ರಿ. ಅಲ್ಲಿ ಮಾತ್ರೆ, ಸಿಡಿ4, ವೈರಲ್ ಲೋಡು ಎಲ್ಲ ಫ್ರೀ. ಎಆರ್‌ಟಿ ಶುರುವಾಗಿ ಆರು ತಿಂಗಳಿಗೆ ಒಂದ್ಸಲ, ವರ್ಷಕ್ಕೆ ಒಂದ್ಸಲ, ಆಮೇಲೆ ವರ್ಷಾ ವರ್ಷಾ ವೈರಲ್ ಲೋಡ್ ನೋಡ್ತಾರೆ. ವೈರಸ್ ಟೆಸ್ಟಲ್ಲಿ ಸಿಗದಷ್ಟು ಇಳಿದು ಹಂಗೇ ನಿಂತ್ರೆ ಗಂಡ ಹೆಂಡ್ತಿ ಕೂಡೋದ್ರಿಂದ ಇನ್ನೊಬ್ರಿಗೆ ದಾಟಲ್ಲ, ಈ ಮಾತು ನನ್ನ ನಾದಿನಿಗೆ ಕೌನ್ಸೆಲರ್ ಹೇಳಿದಾಗ ಅವಳ ಮುಖ ನೋಡ್ಬೇಕಿತ್ತು.

ಊಟಕ್ಕೆ ನಮ್ಮದೇ ಮುದ್ದೆ, ರೊಟ್ಟಿ, ನವಣೆ ಅನ್ನ, ಬೇಳೆ, ಮೊಟ್ಟೆ ಸಾಕು, ಡಬ್ಬಿ ಪೌಡರಿಗೆ ಸಾಲ ಮಾಡಬೇಡ್ರಿ. ಮೊಟ್ಟೆ ಮಾಂಸ ಪೂರ್ತಿ ಬೆಂದಿರ್ಲಿ. ನೀರು ನಲ್ಲೀದಾಗ್ಲಿ ಬೋರಿಂದಾಗ್ಲಿ ಕುದಿಸಿ ಆರಿಸಿ ಕೊಡ್ರಿ, ಭೇದಿ ತರಿಸೋ ಕ್ರಿಪ್ಟೊಸ್ಪೊರಿಡಿಯಂ ಅನ್ನೋದು ಬ್ಲೀಚಿಂಗ್ ಪೌಡರಿಗೆ ಸಾಯಲ್ಲ, ಕುದಿಸಿದ್ರೆ ಸಾಯ್ತೈತೆ. ಮಂಡಕ್ಕಿ ಕೇಳಿದ್ರೆ ಮನೇಲೇ ಕಲಸಿ ಕೊಡ್ರಿ, ಹೊರಗಡೆ ಹೆಚ್ಚಿಟ್ಟ ಈರುಳ್ಳಿ ಟೊಮೇಟೊ ಸ್ವಲ್ಪ ದಿನ ಬೇಡ. ಊರಲ್ಲಿ ಜ್ವರ ಅಂದ ತಕ್ಷಣ ಎರಡು ಇಂಜೆಕ್ಷನ್ ಹಾಕ್ಸೋದನ್ನ ನಿಲ್ಸಿ, ಅದ್ರಲ್ಲಿ ಎಷ್ಟೋ ಸಲ ಸ್ಟೆರಾಯ್ಡ್ ಇರ್ತೈತೆ, ಒಂದಿನ ಚೆನ್ನಾಗಿ ಕಾಣ್ತೈತೆ, ಒಳಗೆ ಇರೋ ಟಿಬಿ ಫಂಗಸ್ಸು ಬೆಳೀತೈತೆ.

ಜಗಳೂರು, ಮೊಳಕಾಲ್ಮೂರು ಅಂಥ ದೂರದೋರು ತಿಂಗಳು ತಿಂಗಳು ಬರೋಕಾಗ್ದೆನೇ ಬಿಡೋದು. ಹತ್ರದ ಲಿಂಕ್ ಎಆರ್‌ಟಿ ಸೆಂಟರ್ ಯಾವುದು ಅಂತ ಕೇಳ್ರಿ, ಪೇಶೆಂಟ್ ಸ್ಥಿರವಾದ್ಮೇಲೆ ಮಾತ್ರೆ ಅಲ್ಲೇ ಸಿಗೋ ಥರ ಮಾಡಿಕೊಡ್ತಾರೆ, ಒಂದೇ ಸಲ ಜಾಸ್ತಿ ತಿಂಗಳಿಗೂ ಕೊಡ್ತಾರೆ. ಬೆಂಗಳೂರಿಗೋ ಮಂಗಳೂರಿಗೋ ದುಡಿಯೋಕೆ ಹೊರಟ್ರೆ ಹೋಗೋಕೆ ಮುಂಚೆನೇ ಟ್ರಾನ್ಸ್‌ಫರ್ ಬರೆಸ್ಕೊಂಡು ಹೋಗ್ಲಿ. ನನ್ನ ತಮ್ಮ ಲಾರಿ ಡ್ಯಾಶ್‌ಬೋರ್ಡಲ್ಲಿ ಒಂದು ಡಬ್ಬಿ, ಬ್ಯಾಗಲ್ಲಿ ಒಂದು ಡಬ್ಬಿ ಅಂತ ಇಟ್ಕೊಂಡಿದ್ದ, ಬೇಸಿಗೇಲಿ ಡ್ಯಾಶ್‌ಬೋರ್ಡ್ ಕಾಯ್ದು ಮಾತ್ರೆ ಕೆಡ್ತಾವೆ ಅಂತ ಫಾರ್ಮಸಿಸ್ಟ್ ಹೇಳಿದ್ಮೇಲೆ ಎರಡನ್ನೂ ಬ್ಯಾಗಿಗೇ ಹಾಕ್ಕೊಂಡ. ರಾತ್ರಿ ಒಂಬತ್ತಕ್ಕೆ ಅಲಾರಂ, ಒಂಬತ್ತೂ ಹತ್ತಕ್ಕೆ ನನ್ನ ಮಿಸ್ಡ್ ಕಾಲು.